ಎರಡನೇ ಬಕೆಟ್

ಧೂಳು ಅಂದರೆ ಕಲ್ಲು. ಪುಡಿಯಾದ ಕಲ್ಲು, ಅಷ್ಟೇ. ಇದನ್ನು ತಿಳಿಯಲು ಯಾವ ಕಾಲೇಜಿಗೂ ಹೋಗಬೇಕಾಗಿಲ್ಲ. ಕಿಟಕಿಯ ಹಲಗೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದರೆ ಸಾಕು, ಗರಗರ ಎನ್ನುತ್ತದೆ. ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸುವುದೆಂದರೆ ಕಲ್ಲಿನಿಂದ ಉಜ್ಜುವುದು. ಕಾರು ಬಿಳಿಯದಾದರೆ ಈ ಪಾಪ ಮುಚ್ಚಿಹೋಗುತ್ತದೆ. ಕಪ್ಪು ಕಾರಿನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಯಾರು ಎಲ್ಲಿ ಎಷ್ಟು ಒತ್ತಿ ಉಜ್ಜಿದರು ಎಂಬುದನ್ನೆಲ್ಲ ಬಿಸಿಲು ಬಿದ್ದ ಕೂಡಲೇ ಬೀದಿಗೆಲ್ಲ ಸಾರಿಬಿಡುತ್ತದೆ.

ಇಷ್ಟು ಗೊತ್ತಿಲ್ಲದವರು ಕಪ್ಪು ಕಾರು ಕೊಳ್ಳಬಾರದು. ಆದರೆ ಕೊಳ್ಳುವವರು ಅವರೇ.

ಐದು ಮಹಡಿಯ ಒಂದು ಕಟ್ಟಡ. ಅದರ ನೆಲಮಾಳಿಗೆಯಲ್ಲಿ ಹದಿನಾಲ್ಕು ಕಾರು. ಹದಿನಾಲ್ಕನ್ನೂ ತೊಳೆಯುವವಳು ಒಬ್ಬಳೇ ಹೆಂಗಸು, ವಯಸ್ಸು ಐವತ್ತೊಂದು. ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದೇ ಓಡಾಡುತ್ತಿದ್ದುದರಿಂದ ಕಟ್ಟಡದ ಮಕ್ಕಳು ‘ಬಕೆಟ್ಟಕ್ಕ’ ಎಂದು ಹೆಸರಿಟ್ಟಿದ್ದರು. ಮಕ್ಕಳು ಇಟ್ಟ ಹೆಸರನ್ನೇ ದೊಡ್ಡವರೂ ಹಿಡಿದರು. ಒಂದು ಬಕೆಟ್ಟು ಕೆಂಪು, ಒಂದು ನೀಲಿ. ಕೆಂಪಿನಲ್ಲಿ ಸೋಪಿನ ನೀರು, ನೀಲಿಯಲ್ಲಿ ಬಟ್ಟೆ ಜಾಲಾಡಿಸುವ ಬರೀ ನೀರು. ಈ ಕಥೆಯೆಲ್ಲ ಆ ನೀಲಿ ಬಕೆಟ್ಟಿನದು. ಕಾರಿನಿಂದ ಎದ್ದ ಕಲ್ಲು ಅದರ ತಳದಲ್ಲಿ ಕೂರುತ್ತದೆ; ಅದು ಇಲ್ಲದಿದ್ದರೆ ಅದೇ ಕಲ್ಲು ಸೋಪಿನ ಜೊತೆ ಸೇರಿ ಮತ್ತೆ ಕಾರಿನ ಮೇಲೇ ಏರುತ್ತದೆ.

ಬೆಳಗ್ಗೆ ಐದೂವರೆಗೆ ಬರುವಳು. ಬಂದವಳೇ ಕೈಯ ಉಂಗುರ ತೆಗೆದು ಸೊಂಟದ ಚೀಲಕ್ಕೆ ಹಾಕುವಳು. ಗಂಡನ ಹಳೇ ಅಂಗಿಯನ್ನು ಹಿಂದುಮುಂದಾಗಿ ತೊಡುವಳು. ಗುಂಡಿಗಳೆಲ್ಲ ಬೆನ್ನಿಗೆ ಹೋದರೆ ಕಾರಿಗೆ ತಾಗುವುದಿಲ್ಲ. ಅಂಗಿ ತೊಡುವುದಕ್ಕೂ ಬಾರದವಳು ಎಂದು ಮೇಲಿನ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ನಗಲಿ, ಅವು ಮಕ್ಕಳು. ಮೊದಲು ಕಾರನ್ನು ಮುಟ್ಟದೆ ಬರೀ ನೀರು ಹೊಯ್ಯುವಳು. ಕಲ್ಲು ತಾನಾಗಿ ಇಳಿಯಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ, ಮೂತಿಯಿಂದ ಬಾಲದ ಕಡೆಗೆ, ನೆಟ್ಟಗೆ ಒಂದೇ ಎಳೆತ. ಸುತ್ತು ಹಾಕುವ ಮಾತೇ ಇಲ್ಲ. ನೆಲಕ್ಕೆ ಬಿದ್ದ ಬಟ್ಟೆ ಆಮೇಲೆ ಚಕ್ರಕ್ಕೆ ಮಾತ್ರ.

ಇದನ್ನೆಲ್ಲ ಆಕೆ ಕಲಿತದ್ದು ಪೆಟ್ಟು ತಿಂದ ಕಾರುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ. ಗಂಡ ಅಲ್ಲಿ ಪೇಂಟರ್, ಆಕೆ ಉಜ್ಜುವವಳು. ಬಣ್ಣ ಹೊಡೆಯುವ ಮೊದಲು, ಹೊಡೆದ ಮೇಲೆ, ಮತ್ತೆ ಹೊಡೆದ ಮೇಲೆ, ನೀರು ಬಿಟ್ಟುಕೊಂಡು ಎಮರಿ ಕಾಗದದಲ್ಲಿ ಉಜ್ಜಿ ಉಜ್ಜಿ ಹದಿನೇಳು ವರ್ಷ. ಗಂಡನ ಎದೆ ಆ ಬಣ್ಣದ ಹೊಗೆಗೆ ಬಲಿಯಾಯಿತು, ಕೆಲಸ ನಿಂತಿತು. ಹೆಂಡತಿಯ ಬೆರಳುಗಳಿಗೆ ಆದದ್ದು ಬೇರೆ. ಈ ಕಟ್ಟಡದ ಗೇಟಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ತಂದಾಗ ಅದು ಆಕೆಯನ್ನು ಒಳಗೇ ಬಿಡಲಿಲ್ಲ. ಹತ್ತು ಬೆರಳನ್ನೂ ಒತ್ತಿಸಿದರು, ಹತ್ತಕ್ಕೂ ಕೀ ಎಂದು ಕಿರುಚಿತು.

“ಬೆರಳಲ್ಲಿ ಗೆರೇನೇ ಇಲ್ವಲ್ಲಕ್ಕ! ಕಳ್ಳತನಕ್ಕೆ ಹೇಳಿ ಮಾಡಿಸಿದ ಕೈ,” ಎಂದು ವಾಚ್‌ಮ್ಯಾನ್ ನಕ್ಕಿದ್ದ.

“ಇದ್ದಿದ್ದನ್ನೆಲ್ಲ ಕಾರಿನೋರಿಗೆ ಕೊಟ್ಟಾಯ್ತಪ್ಪ,” ಎಂದಿದ್ದಳು ಬಕೆಟ್ಟಕ್ಕ. ಅಂದಿನಿಂದ ಆಕೆಯೊಬ್ಬಳಿಗೆ ರಿಜಿಸ್ಟರಿನಲ್ಲಿ ಸಹಿ.

ಊರವರ ಕಾರಿನ ಗೀರು ಅಳಿಸಿ ಅಳಿಸಿ ತನ್ನ ಬೆರಳಿನ ಗೆರೆ ಅಳಿಸಿಕೊಂಡ ಈ ಹೆಂಗಸಿನ ಮೇಲೆಯೇ ಗೀರು ಹಾಕಿದ ಆರೋಪ ಬಂತು. ಬಂದ ಬಗೆ ಹೀಗೆ.

ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಕಪ್ಪು ಕಾರು ತಂದರು. ತಂದ ದಿನ ಮೂರು ಸಲ ಕೆಳಗಿಳಿದು ಬಂದು ಅದರಲ್ಲಿ ತಮ್ಮ ಮುಖ ನೋಡಿಕೊಂಡರು. “ಬಕೆಟ್ಟಮ್ಮ, ಇದು ಯಾವಾಗಲೂ ಹೀಗೇ ಇರ್ಬೇಕು, ಕನ್ನಡಿ ಹಾಗೆ,” ಎಂದರು.

“ಇರುತ್ತೆ ಡಾಕ್ಟ್ರೇ. ನೀರೊಂದಿರಲಿ.”

ನಾಲ್ಕು ತಿಂಗಳು ಹಾಗೇ ಇತ್ತು. ಬಟ್ಟೆ ಚೊಕ್ಕವಾಗಿರುವಾಗಲೇ ಮೊದಲು ಕಪ್ಪು ಕಾರು, ಆಮೇಲೆ ಉಳಿದ ಹದಿಮೂರು. ಆಮೇಲೆ ನೋಟೀಸು ಬಂತು.

ಕಟ್ಟಡದ ಕಮಿಟಿಗೆ ಕಾರ್ಯದರ್ಶಿಯಾಗಿದ್ದವರು ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು. ಶಾಲೆ ಬಿಟ್ಟರೂ ಬೋರ್ಡು ಅವರನ್ನು ಬಿಟ್ಟಿರಲಿಲ್ಲ. ಲಿಫ್ಟಿನ ಪಕ್ಕದ ಹಲಗೆಯಲ್ಲಿ ವಾರಕ್ಕೊಂದು ನೋಟೀಸು ಅಂಟಿಸದಿದ್ದರೆ ಅವರಿಗೆ ಅನ್ನ ಅರಗುತ್ತಿರಲಿಲ್ಲ. ಆ ವಾರದ್ದು: ‘ನೀರಿನ ಅಭಾವ. ಇಂದಿನಿಂದ ಕಾರು ತೊಳೆಯಲು ಒಂದು ಕಾರಿಗೆ ಅರ್ಧ ಬಕೆಟ್ ಮಾತ್ರ. ಧೂಳನ್ನು ಮೊದಲು ಒಣ ಬಟ್ಟೆಯಿಂದ ಕೊಡವಿಕೊಳ್ಳತಕ್ಕದ್ದು.’

ಬಕೆಟ್ಟಕ್ಕ ಅದನ್ನು ಎರಡು ಸಲ ಓದಿದಳು. ಓದಿ ಸೀದಾ ಕಾರ್ಯದರ್ಶಿಗಳ ಬಾಗಿಲು ತಟ್ಟಿದಳು.

“ಅರ್ಧ ಬಕೆಟ್ಟಲ್ಲಿ ಕಾರು ತೊಳೆಯೋಕಾಗಲ್ಲ ಸಾರ್. ಕಾರಿನ ಧೂಳನ್ನ ತೆಗೆದು ಕಾರಿಗೇ ಬಳಿಯಬಹುದು, ಅಷ್ಟೆ.”

“ಯಾಕಾಗಲ್ಲ? ಅರ್ಧ ಬಕೆಟ್ಟಲ್ಲಿ ನಾನು ಸ್ನಾನಾನೇ ಮಾಡ್ತೀನಿ.”

“ನೀವು ರಸ್ತೇಲಿ ಉರುಳಾಡ್ಕೊಂಡು ಬರಲ್ವಲ್ಲ ಸಾರ್.”

ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡರು. “ನಿಯಮ ಅಂದ್ರೆ ನಿಯಮ. ಎಲ್ಲರಿಗೂ ಒಂದೇ.”

“ಹಂಸಕ್ಕೆ ಎಷ್ಟು ಬಕೆಟ್ಟು ಸಾರ್?”

ಕಟ್ಟಡದ ಮುಂದೆ ಒಂದು ಸಿಮೆಂಟಿನ ಹಂಸವಿತ್ತು. ದಿನಾ ಬೆಳಗ್ಗೆ ಏಳರಿಂದ ಹತ್ತರವರೆಗೆ ಅದು ಕೊಕ್ಕಿನಿಂದ ನೀರು ಉಗುಳುತ್ತಿತ್ತು. ಉಗುಳಿದ್ದರಲ್ಲಿ ಅರ್ಧ ಕೊಳಕ್ಕೆ, ಅರ್ಧ ಗಾಳಿಗೆ, ಕಾಲುಹಾದಿಗೆ, ಹೋಗುವವರ ಚಪ್ಪಲಿಗೆ.

“ಅದು ಬೇರೆ ವಿಷಯ. ಅದು ಕಟ್ಟಡದ ಮರ್ಯಾದೆ,” ಎಂದು ಕಾರ್ಯದರ್ಶಿಗಳು ಬಾಗಿಲು ಹಾಕಿಕೊಂಡರು.

ಆಕೆ ಡಾಕ್ಟರ ಹತ್ತಿರ ಹೋದಳು. ಇದು ಮೊದಲನೇ ಸಲ, ಎಣಿಸಿಟ್ಟುಕೊಳ್ಳಿ. “ಡಾಕ್ಟ್ರೇ, ನೀವೊಂದು ಮಾತು ಹೇಳಿ. ನಿಮ್ಮ ಕಾರು ಕಪ್ಪು. ಎರಡನೇ ಬಕೆಟ್ಟಿಲ್ಲದೆ ಮುಟ್ಟಿದ್ರೆ ಗೀರು ಬೀಳುತ್ತೆ.”

“ಕಮಿಟಿ ವಿಷಯಕ್ಕೆ ನಾನು ತಲೆ ಹಾಕಲ್ಲಮ್ಮ,” ಎಂದರು ಡಾಕ್ಟರು. “ಸ್ವಲ್ಪ ನಾಜೂಕಾಗಿ ಒರೆಸಿಬಿಡು.”

ನಾಜೂಕು! ಕಲ್ಲನ್ನು ನಾಜೂಕಾಗಿ ಉಜ್ಜಿದರೆ ಅದು ಬೆಣ್ಣೆಯಾಗುತ್ತದೆಯೇ? ಹಲ್ಲನ್ನು ಒತ್ತಿ ಉಜ್ಜಬೇಡಿ, ಮೇಲಿನ ಪದರ ಸವೆದರೆ ಮತ್ತೆ ಬರುವುದಿಲ್ಲ ಎಂದು ದಿನಕ್ಕೆ ಇಪ್ಪತ್ತು ಬಾಯಿಗೆ ಬುದ್ಧಿ ಹೇಳುವ ಮನುಷ್ಯ ಇವರು. ಕಾರಿನ ಬಣ್ಣದ ಮೇಲಿರುವ ಹೊಳಪಿನ ಪದರ ಕೂದಲೆಳೆಯಷ್ಟೂ ದಪ್ಪವಿರುವುದಿಲ್ಲ. ಅದು ಅವರ ತಲೆಗೆ ಹೋಗಲಿಲ್ಲ. ಹಲ್ಲು ಸಂಪಾದನೆ ತರುತ್ತದೆ, ಕಾರು ತರುವುದಿಲ್ಲ.

ಮನೆಗೆ ಹೋಗಿ ಆಕೆ ಗಂಡನಿಗೆ ಹೇಳಿದಳು. ಮನೆಯೆಂದರೆ ಒಂದು ಕೋಣೆ, ಒಂದು ಕಿಟಕಿ. ಕಿಟಕಿಯ ಪಕ್ಕ ಕುರ್ಚಿ, ಕುರ್ಚಿಯಲ್ಲಿ ಪೇಂಟರ್, ಪೇಂಟರನ ತೊಡೆಯ ಮೇಲೆ ಉಸಿರಿಗೆ ಎಳೆದುಕೊಳ್ಳುವ ನೀಲಿ ಡಬ್ಬಿ. ಎದೆ ಹೋಗಿದ್ದರೂ ನಾಲಿಗೆ ನೆಟ್ಟಗಿತ್ತು.

“ನೀರಿಲ್ಲ ಅಂತ ಅಳ್ತೀಯಲ್ಲೇ. ಆ ಕಟ್ಟಡದ ಹಿಂದುಗಡೆ ಹೋಗಿ ನೋಡಿದ್ದೀಯಾ? ಎಲ್ಲರ ಮನೆ ಏಸಿಗೂ ಮೂಗು ಸೋರ್ತಿರುತ್ತೆ. ಅದು ಬ್ಯಾಟರಿಗೆ ಹಾಕೋ ನೀರಿನ ಥರ ಕಣೇ, ಒಂದು ಕಾಳು ಉಪ್ಪಿರಲ್ಲ. ಒಣಗಿದ್ರೆ ಬಿಳಿ ಕಲೆ ಬೀಳಲ್ಲ. ಕರಿ ಕಾರಿಗೆ ಅದಕ್ಕಿಂತ ಒಳ್ಳೇ ನೀರು ದುಡ್ಡು ಕೊಟ್ರೂ ಸಿಗಲ್ಲ.”

“ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀವು?”

“ನೀನು ಕೇಳಿದ್ರೆ ತಾನೇ? ಮಹಾರಾಣಿಗೆ ಗಂಡ ಅಂದ್ರೆ ಕಿಟಕಿ ಪಕ್ಕದ ಸಾಮಾನು.”

ಮರುದಿನ ಆಕೆ ಕಟ್ಟಡದ ಹಿಂಗೋಡೆಗೆ ಹೋದಳು. ಏಳು ಕೊಳವೆಗಳು ಗೋಡೆಗುಂಟ ಇಳಿದು ತೊಟತೊಟ ಎನ್ನುತ್ತಿದ್ದವು. ಕೆಳಗೆ ಏಳು ಬಕೆಟ್ಟಿಟ್ಟಳು, ಮೇಲೆ ಹಳೇ ಬನಿಯನ್ನಿನ ಬಟ್ಟೆ ಕಟ್ಟಿದಳು. ಬೆಳಗಾಗುವಷ್ಟರಲ್ಲಿ ಏಳರಲ್ಲಿ ಐದು ತುಂಬಿರುತ್ತಿದ್ದವು. ಆರು ವಾರ ಆ ಕಪ್ಪು ಕಾರು ಹೊಳೆದ ಹಾಗೆ ಅದು ಅಂಗಡಿಯಿಂದ ಬಂದ ದಿನವೂ ಹೊಳೆದಿರಲಿಲ್ಲ. ಅದಕ್ಕೆ ಕಟ್ಟಡದ ಒಂದು ಹನಿ ನೀರೂ ಖರ್ಚಾಗಲಿಲ್ಲ. ಇದಕ್ಕೆ ಬಹುಮಾನ ಕೊಡಬೇಕಾಗಿತ್ತು. ನೋಟೀಸು ಕೊಟ್ಟರು.

ಏಳನೇ ವಾರ ಬಕೆಟ್ಟುಗಳು ಮಾಯ. ಏಳೂ, ಜೊತೆಗೆ ನೀಲಿಯದೂ, ಮೀಟರ್ ಕೋಣೆಯಲ್ಲಿ ಬೀಗದ ಹಿಂದೆ. ಹಿಂಗೋಡೆಯ ಬಳಿ ಬಕೆಟ್ಟಿಟ್ಟರೆ ನೋಡಲು ಅಸಹ್ಯ, ಸೊಳ್ಳೆ ಬೇರೆ ಎಂದು ಯಾರೋ ದೂರು ಕೊಟ್ಟಿದ್ದರಂತೆ.

“ಮೇಲೆ ಬಟ್ಟೆ ಕಟ್ಟಿದ್ದೀನಿ ಸಾರ್, ಸೊಳ್ಳೆ ಹೆಂಗೆ ಹೋಗುತ್ತೆ? ಮತ್ತೆ ದಿನಾ ಬೆಳಗ್ಗೆ ಖಾಲಿ ಮಾಡ್ತೀನಲ್ಲ!”

“ಅನುಮತಿ ತಗೊಂಡಿದ್ಯಾ? ಆ ನೀರು ಕಟ್ಟಡದ ಆಸ್ತಿ.”

“ಏಸಿ ಮೂಗು ಸೋರಿದ್ದು ಸಾರ್ ಅದು! ಇಲ್ಲಿವರೆಗೆ ಮೋರಿಗೆ ಹೋಗ್ತಿತ್ತು.”

“ಮೋರೀನೂ ಕಟ್ಟಡದ್ದೇ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವರ ಮುಂದೆ ನಿಂತು ಎಷ್ಟು ಹೊತ್ತು ವಾದಿಸುವುದು? ಆ ಹೊತ್ತಿಗೆ ಲಿಫ್ಟಿನಿಂದ ಡಾಕ್ಟರು ಇಳಿದರು. ಆಕೆ ಎರಡನೇ ಸಲ ಹೇಳಿದಳು. ಅವರು ಗಡಿಯಾರ ನೋಡಿಕೊಂಡರು.

ಅಂದಿನಿಂದ ಬಕೆಟ್ಟಕ್ಕ ಹದಿಮೂರು ಕಾರನ್ನು ಅರ್ಧರ್ಧ ಬಕೆಟ್ಟಿನಲ್ಲಿ ಹೇಗೋ ಮಾಡಿದಳು. ಬಿಳಿ, ಬೂದಿ, ಬೆಳ್ಳಿ ಬಣ್ಣದವು. ಅವು ಹೊಟ್ಟೆಗೆ ಹಾಕಿಕೊಳ್ಳುತ್ತವೆ. ಕಪ್ಪು ಕಾರನ್ನು ಮಾತ್ರ ಮುಟ್ಟಲಿಲ್ಲ. ಮೂರನೇ ಸಲ ಹೇಳಲು ಮಹಡಿ ಹತ್ತಿ ಹೋದಳು. ಬಾಗಿಲು ತೆಗೆದವರು ಡಾಕ್ಟರ ಹೆಂಡತಿ.

“ಮೇಡಂ, ನಿಮ್ಮ ಕಾರು ಧೂಳಾಗಿರುತ್ತೆ. ಇರಲಿ ಬಿಡಿ. ಧೂಳು ಸುಮ್ನೆ ಕೂತಿದ್ರೆ ಏನೂ ಮಾಡಲ್ಲ. ಉಜ್ಜಿದ್ರೇನೆ ಗೀರು. ಬಕೆಟ್ಟು ಬರೋವರೆಗೂ ಯಾರೂ ಮುಟ್ಬೇಡಿ ಅಂತ ಡಾಕ್ಟ್ರಿಗೆ ಹೇಳಿ.”

“ಹೇಳ್ತೀನಿ ಅಕ್ಕ. ಕೇಳೋ ಕಿವಿ ಇದ್ರೆ ತಾನೇ,” ಎಂದು ಆಕೆ ನಕ್ಕರು.

ಒಂದು ವಾರ ಕಳೆಯಿತು. ಸೋಮವಾರ ಬೆಳಗ್ಗೆ ಎಂಟಕ್ಕೆ ಕಪ್ಪು ಕಾರು ನೆಲಮಾಳಿಗೆಯ ಇಳಿಜಾರು ಹತ್ತಿ ಬಿಸಿಲಿಗೆ ಬಂತು. ಗೇಟಿನ ಹತ್ತಿರ ಬಟ್ಟೆ ಒಣಹಾಕುತ್ತಿದ್ದ ಬಕೆಟ್ಟಕ್ಕನ ಕೈ ಹಾಗೇ ನಿಂತಿತು. ಕಾರಿನ ಮೇಲೆ ಧೂಳಿರಲಿಲ್ಲ. ಧೂಳಿನ ಜಾಗದಲ್ಲಿ ಜೇಡರಬಲೆ ಇತ್ತು. ಬಾನೆಟ್ಟಿನ ತುಂಬ, ಬಾಗಿಲಿನ ತುಂಬ, ಸಣ್ಣ ಸಣ್ಣ ಸುತ್ತು, ಸುತ್ತಿನ ಮೇಲೆ ಸುತ್ತು, ಬಿಸಿಲಿಗೆ ಮಿರಿಮಿರಿ. ಒಂದು ಕ್ಷಣ ಆಕೆಗೆ ತನ್ನ ಬೆನ್ನಿಗೇ ಯಾರೋ ಎಮರಿ ಕಾಗದ ಎಳೆದ ಹಾಗಾಯಿತು.

ಡಾಕ್ಟರು ಕಾರು ನಿಲ್ಲಿಸಿ ಇಳಿದರು. “ನೋಡು ನಿನ್ನ ಕೆಲಸ!”

“ನಾನು ವಾರದಿಂದ ಇದನ್ನ ಮುಟ್ಟೇ ಇಲ್ಲ ಡಾಕ್ಟ್ರೇ.”

“ಅದೇ! ಯಾಕೆ ಮುಟ್ಟಿಲ್ಲ ಅಂತ ಈಗ ಗೊತ್ತಾಯ್ತು. ನಿನ್ನೆ ನಾನೇ ಕೂತು ಒರೆಸಿದೆ. ಧೂಳು ಹೋದ ಮೇಲೆ ನೋಡಿದ್ರೆ ಕೆಳಗೆಲ್ಲ ಗೀರು. ಗೀರು ಮುಚ್ಚಿಡೋಕೆ ಧೂಳು ಬಿಟ್ಟಿದ್ದೀಯ ನೀನು!”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಇನ್ನೂ ಮೇಲೆ. ಕುಣಿದು ನೆಲ ಮುರಿದು, ಗುಡಿಸುವವಳನ್ನು ಬೈದರು. ಬೇಕೆಂದು ಹೇಳಿದ ಸುಳ್ಳಾದರೂ ಆಗಿದ್ದರೆ ಚೆನ್ನಾಗಿತ್ತು. ಆ ಮನುಷ್ಯ ಅದನ್ನು ಮನಸಾರೆ ನಂಬಿದ್ದರು. ತಾನು ಕಾರಿನ ಮಾಲೀಕ, ಓದಿದವನು, ಪ್ರೀತಿಯಿಂದ ಒರೆಸಿದವನು. ತನ್ನ ಕೈಯಿಂದ ಗೀರು ಹೇಗೆ ಬಿದ್ದೀತು? ಗೀರು ಬೀಳುವುದು ಕೂಲಿಯವರ ಕೈಯಿಂದ.

ಸಂಜೆಯೊಳಗೆ ನೋಟೀಸು ಸಿದ್ಧ. ಮುಂದಿನ ಭಾನುವಾರ ಹತ್ತು ಗಂಟೆಗೆ ನೆಲಮಾಳಿಗೆಯಲ್ಲಿ ಸಭೆ, ವಿಷಯ ‘ಕಾರಿಗೆ ಹಾನಿ’. ಕಾರ್ಯದರ್ಶಿಗಳು ಬಕೆಟ್ಟಕ್ಕನನ್ನು ಕರೆದು ಮೆತ್ತಗೆ ಹೇಳಿದರು, “ತಪ್ಪು ಒಪ್ಕೊಂಡು ಸುಮ್ಮನೆ ಹೋಗಿಬಿಡಮ್ಮ. ಇಲ್ಲಾಂದ್ರೆ ಬೀದಿಯ ಬೇರೆ ಕಟ್ಟಡದವರಿಗೂ ನಾನು ತಿಳಿಸಬೇಕಾಗುತ್ತೆ.”

ಆ ಮಾತು ನಾಟಿತು. ಹದಿನಾಲ್ಕು ಕಾರು ಹೋದರೆ ಇನ್ನೊಂದು ಕಡೆ ಹದಿನಾಲ್ಕು ಸಿಕ್ಕಾವು. ಗೀರು ಹಾಕುವ ಕೈ ಎಂದು ಒಮ್ಮೆ ಹೆಸರು ಬಿದ್ದರೆ ಬೀದಿಯಲ್ಲಿ ಒಂದು ಸೈಕಲ್ಲನ್ನೂ ಯಾರೂ ಮುಟ್ಟಗೊಡುವುದಿಲ್ಲ. ಆಕೆಗೆ ಇದ್ದದ್ದು ಆ ಕೈ ಒಂದೇ.

ಮನೆಗೆ ಬಂದು ಪಾತ್ರೆಗಳನ್ನು ದಡಬಡ ಇಟ್ಟಳು. ಪೇಂಟರ್ ಮೂರನೇ ಪಾತ್ರೆಯವರೆಗೆ ಸುಮ್ಮನಿದ್ದ.

“ಪಾತ್ರೆಗೆ ನೆಗ್ಗು ಬಿದ್ರೆ ಟಿಂಕರಿಂಗ್ ಮಾಡೋಕೆ ನನ್ನ ಕೈಲಾಗಲ್ಲ ಈಗ. ಏನಾಯ್ತು ಹೇಳು.”

ಹೇಳಿದಳು. ಅವನು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದ. “ಗೀರು ಗೆರೇನಾ, ಸುತ್ತಾ?”

“ಸುತ್ತು.”

“ತಟ್ಟೆಯಗಲಾನಾ?”

“ಇಲ್ಲ ರೀ. ಕಾಸಿನಗಲ. ಪುಟ್ಟ ಪುಟ್ಟದು, ಒಂದೇ ಅಳತೆ.”

ಪೇಂಟರ್ ನಗಲು ಶುರುಮಾಡಿದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ನೀಲಿ ಡಬ್ಬಿ ಎರಡು ಸಲ ಎಳೆಯಬೇಕಾಯಿತು. “ತೋಳಲ್ಲಿ ಉಜ್ಜಿದ್ರೆ ತಟ್ಟೆಯಗಲ ಬರುತ್ತೆ. ಕಾಸಿನಗಲ ಬರಬೇಕು ಅಂದ್ರೆ ಬರೀ ಮಣಿಕಟ್ಟು ಆಡಿಸಿರಬೇಕು. ಸಣ್ಣ ಕೆಲಸ ಮಾಡೋ ಕೈ ಕಣೇ ಅದು. ಗಡಿಯಾರ ರಿಪೇರಿಯೋನು, ಇಲ್ಲಾ...” ಎಂದು ತನ್ನ ಹಲ್ಲು ಕಿರಿದು, ಬೆರಳಿನಿಂದ ಅದರ ಮೇಲೆ ಗಿರಗಿರ ಸುತ್ತು ಹಾಕಿ ತೋರಿಸಿದ.

ಬಕೆಟ್ಟಕ್ಕ ನೆಲದ ಮೇಲೆ ಕುಳಿತುಬಿಟ್ಟಳು. “ಅಯ್ಯೋ. ಅವರ ಆಸ್ಪತ್ರೇಲಿ ದೊಡ್ಡ ಚಿತ್ರಾನೇ ಹಾಕಿದ್ದಾರೆ ರೀ. ನಾನು ಹಲ್ಲು ಕೀಳಿಸೋಕೆ ಹೋದಾಗ ನೋಡಿದ್ದೆ. ‘ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿ’ ಅಂತ.”

“ಹೋಗಿ ಹೇಳಬೇಡ. ಹೇಳಿದ್ರೆ ಬಾಯಿಗೆ ಬಾಯಿ. ಅವರ ಕೈ ಕೈಲೇ ಹೇಳ್ಸು. ಬಾಯಿ ಸುಳ್ಳು ಕಲಿಯುತ್ತೆ. ಕೈಗೆ ಕಲಿಯೋಕೆ ಪುರುಸೊತ್ತಿರಲ್ಲ.”

ಭಾನುವಾರ ಹತ್ತಕ್ಕೆ ಇಪ್ಪತ್ತು ಜನ ಸೇರಿದರು. ನೀರಿನ ವಿಷಯಕ್ಕೆ ಕರೆದಾಗ ನಾಲ್ಕು ಜನ ಬಂದಿದ್ದರು. ಒಬ್ಬಳನ್ನು ಓಡಿಸುವುದೆಂದರೆ ಇಪ್ಪತ್ತು. ಕಾರ್ಯದರ್ಶಿಗಳು ಕುರ್ಚಿ ಹಾಕಿಸಿಕೊಂಡು ರಿಜಿಸ್ಟರ್ ತೆರೆದರು. ಡಾಕ್ಟರು ತಮ್ಮ ಕಪ್ಪು ಕಾರಿನ ಮುಂದೆ ಕೈಕಟ್ಟಿ ನಿಂತರು, ಪಕ್ಕದಲ್ಲಿ ಹೆಂಡತಿ.

“ಹೇಳೋದೇನಾದ್ರೂ ಇದ್ಯಾ?” ಎಂದರು ಕಾರ್ಯದರ್ಶಿಗಳು.

“ಹೇಳೋದೇನಿಲ್ಲ ಸಾರ್. ಒಂದು ಕೇಳೋದಿದೆ.” ಬಕೆಟ್ಟಕ್ಕ ಹೆಗಲಿನಿಂದ ನಾಲ್ಕೈದು ಒಗೆದ ಬಟ್ಟೆ ತೆಗೆದಳು. “ನಾಲ್ಕೈದು ಜನ ಒಂದೊಂದು ಹಿಡ್ಕೊಳ್ಳಿ. ನಿಮ್ಮ ಮುಂದೆ ಕಾರಿದೆ ಅಂದ್ಕೊಂಡು ಗಾಳೀಲಿ ಒರೆಸಿ ತೋರಿಸಿ. ಕಾರು ಹೆಂಗೆ ಒರೆಸಬೇಕು ಅಂತ ಇವತ್ತು ನಾನೇ ಕಲೀತೀನಿ.”

ಕಲಿಸುವುದು ಅಂದರೆ ಯಾರಿಗೆ ಬೇಡ? ಕಾರ್ಯದರ್ಶಿಗಳು ತಾವೇ ಮೊದಲು ಎದ್ದರು. ಅವರ ಕೈ ಮೇಲೆ ಕೆಳಗೆ, ಮೇಲೆ ಕೆಳಗೆ ಹೋಯಿತು. ಮೂವತ್ತು ವರ್ಷ ಕರಿಹಲಗೆ ಒರೆಸಿದ ಕೈ. ವಾಚ್‌ಮ್ಯಾನ್ ಅಡ್ಡಡ್ಡ ಬೀಸಿದ, ಗೇಟು ಎಳೆದ ಹಾಗೆ. ಕೆಳ ಮಹಡಿಯ ಟೈಲರು ಎಡಗೈಯಲ್ಲಿ ಬಟ್ಟೆ ಬಿಗಿ ಹಿಡಿದು ಬಲಗೈಯಿಂದ ಇಸ್ತ್ರಿ ಎಳೆದ. ಜನಕ್ಕೆ ಮಜಾ ಬಂತು, ನಗು ಎದ್ದಿತು.

“ಡಾಕ್ಟ್ರೇ, ನೀವೂ.”

ಡಾಕ್ಟರು ಬಟ್ಟೆ ಇಸಿದುಕೊಂಡರು. ಎರಡು ಬೆರಳಿಗೆ ಅದನ್ನು ಸುತ್ತಿಕೊಂಡರು. ಮಣಿಕಟ್ಟು ತಿರುಗಿತು, ಗಿರಗಿರ, ಸಣ್ಣ ಸಣ್ಣ ಸುತ್ತು, ಒಂದೇ ಅಳತೆ, ಎಡದಿಂದ ಬಲಕ್ಕೆ ಸಾಲಾಗಿ. “ಹೀಗೆ ಸಾವಕಾಶವಾಗಿ, ಒಂದೊಂದು ಜಾಗಾನೂ ಬಿಡದೆ...”

“ಅಯ್ಯೋ ದೇವರೇ!” ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು. ನಗು ಬೆರಳ ಸಂದಿಯಿಂದ ಸೋರಿತು. “ಇದು ನಿಮ್ಮ ಹಲ್ಲುಜ್ಜೋ ಪಾಠ ಅಲ್ವೇನ್ರೀ!”

ಬಕೆಟ್ಟಕ್ಕ ಮೊಬೈಲಿನ ಟಾರ್ಚು ಹಚ್ಚಿ ಕಪ್ಪು ಬಾನೆಟ್ಟಿಗೆ ಓರೆಯಾಗಿ ಹಿಡಿದಳು. ಕಾಸಿನಗಲದ ಸುತ್ತುಗಳು, ಎಡದಿಂದ ಬಲಕ್ಕೆ, ಸಾಲಾಗಿ, ಒಂದು ಜಾಗವೂ ಬಿಡದೆ. ಟೈಲರು ಬಗ್ಗಿ ನೋಡಿದ, ಬಗ್ಗಿದವನು ಮೂಸಿದ. ಬಾನೆಟ್ಟಿನ ಸಂದಿಯಲ್ಲಿ ಬಿಳಿಯ ಏನೋ ಒಣಗಿ ಕೂತಿತ್ತು. “ಪುದೀನ ವಾಸನೆ ಬರ್ತಿದ್ಯಲ್ಲ ಇಲ್ಲಿ?”

“ಹೊಸ ಪೇಸ್ಟು ಒಂದೇ ದಿನಕ್ಕೆ ಖಾಲಿ ಆಗಿತ್ತು, ನಾನು ಮಗಳನ್ನ ಬೈದಿದ್ದೆ,” ಎಂದರು ಹೆಂಡತಿ, ಈಗ ನಗದೆ. “ಗೀರು ಹೋಗಲಿ ಅಂತ ಪೇಸ್ಟು ಬೇರೆ ಹಾಕಿ ಉಜ್ಜಿದ್ರಾ? ಅಕ್ಕ ಮನೆಗೆ ಬಂದು ಮುಟ್ಬೇಡಿ ಅಂತ ಹೇಳಿ ಹೋಗಿದ್ರು. ನಾನು ನಿಮಗೆ ಊಟದ ಹೊತ್ತಿಗೆ ಹೇಳಿದ್ದೆ. ಹೂಂ ಅಂದಿದ್ರಿ.”

ಡಾಕ್ಟರ ಕೈಯಲ್ಲಿ ಬಟ್ಟೆ ಇನ್ನೂ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ತುರುಕಿಕೊಂಡರು.

ಇಲ್ಲಿಗೆ ಕಥೆ ಮುಗಿದು ನ್ಯಾಯ ಗೆದ್ದಿತು ಎಂದು ನೀವು ಕಾಲು ಚಾಚಿ ಕೂರಬಹುದು. ಕೂರಬೇಡಿ.

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. “ಸರಿ. ಯಾರದ್ದೂ ತಪ್ಪಿಲ್ಲ ಅಂತ ಬರ್ಕೊಂಡು ಸಭೆ ಮುಗಿಸ್ತೀನಿ.”

“ಯಾರದ್ದೂ ತಪ್ಪಿಲ್ಲ ಅಂತಲ್ಲ ಸಾರ್,” ಎಂದಳು ಬಕೆಟ್ಟಕ್ಕ. “ನನ್ನ ತಪ್ಪಿಲ್ಲ ಅಂತ ಬರೀರಿ.”

“ಎರಡೂ ಒಂದೇ ಅಲ್ವೇನಮ್ಮ.”

“ಒಂದೇ ಆದ್ರೆ ನಾನು ಹೇಳಿದ್ದನ್ನೇ ಬರೀರಿ.”

ಆರೋಪ ಹೊರಿಸುವಾಗ ಇಪ್ಪತ್ತು ಬಾಯಿ, ಇಳಿಸುವಾಗ ಒಂದೂ ಇಲ್ಲ. ಕೊನೆಗೆ ಡಾಕ್ಟರ ಹೆಂಡತಿ, “ಬರೀರಿ ಸಾರ್, ನಮಗೆ ಅಡುಗೆಗೆ ಹೊತ್ತಾಯ್ತು,” ಎಂದ ಮೇಲೆ ಪೆನ್ನು ಅಲ್ಲಾಡಿತು. ಬಕೆಟ್ಟಕ್ಕ ನಿಂತು, ಬರೆದದ್ದನ್ನು ಅಕ್ಷರ ಅಕ್ಷರ ಓದಿ, ಕೆಳಗೆ ಸಹಿ ಹಾಕಿದಳು. ಆಮೇಲೆ ಕೇಳಿದಳು, “ನನ್ನ ಬಕೆಟ್ಟು?”

“ಅದು ಇವತ್ತಿನ ವಿಷಯಪಟ್ಟೀಲಿಲ್ಲ,” ಎಂದು ಕಾರ್ಯದರ್ಶಿಗಳು ರಿಜಿಸ್ಟರ್ ಮುಚ್ಚಿದರು.

ಮಾರನೇ ದಿನ ಡಾಕ್ಟರು ಗೇಟಿನ ಹತ್ತಿರ ಒಂಟಿಯಾಗಿ ಸಿಕ್ಕರು. ಆಕೆ, ಈಗ ಒಂದು ಮಾತು ಬರಬಹುದು ಎಂದು ಕಾದಳು. ಬಂತು.

“ಬಕೆಟ್ಟಮ್ಮ, ಇದನ್ನೆಲ್ಲ ನೀನು ಮೊದಲೇ ಹೇಳ್ಬೇಕಿತ್ತು.”

ಮೂರು ಸಲ. ಎಣಿಸಿಟ್ಟುಕೊಂಡಿದ್ದೀರಲ್ಲ? ಆಕೆಯ ಬಾಯಿಗೆ ಬಂದ ಮಾತನ್ನು ಅಚ್ಚು ಹಾಕಲು ಆಗುವುದಿಲ್ಲ. ಅದನ್ನು ನುಂಗಿಕೊಂಡು ಆಕೆ ಹೇಳಿದ್ದು ಇಷ್ಟು: “ನಾಲ್ಕನೇ ಸಲ ಹೇಳ್ತೀನಿ ಡಾಕ್ಟ್ರೇ. ನೀಲಿ ಬಕೆಟ್ಟು ಕೊಡ್ಸಿ. ಆಮೇಲೆ ಆ ಸುತ್ತನ್ನೂ ನಾನೇ ತೆಗೀತೀನಿ, ಹದಿನೇಳು ವರ್ಷ ಅದನ್ನೇ ಮಾಡಿದ್ದೀನಿ. ಅಲ್ಲಿವರೆಗೆ ನಿಮ್ಮ ಕಾರಿಗೆ ಕೈ ಹಾಕಲ್ಲ.”

ಡಾಕ್ಟರು ಕಾರ್ಯದರ್ಶಿಗಳಿಗೆ ಹೇಳುತ್ತೇನೆ ಎಂದರು. ಕಾರ್ಯದರ್ಶಿಗಳು ಮುಂದಿನ ಸಭೆಯಲ್ಲಿ ನೋಡೋಣ ಎಂದರು. ಬೀಗದ ಕೈ ಅವರ ಮನೆಯ ಮೊಳೆಯಲ್ಲಿದೆ. ಈಗ ಆ ಕಪ್ಪು ಕಾರು ಧೂಳು ಹೊದ್ದು ಮಲಗಿದೆ. ಯಾರೋ ಅದರ ಹಿಂಗಾಜಿನ ಕೆಳಗೆ ಬೆರಳಿನಿಂದ ‘ನನ್ನನ್ನು ತೊಳೀರಿ’ ಎಂದು ಗೀಚಿದ್ದಾರೆ. ಆ ಅಕ್ಷರವೂ ಬಣ್ಣಕ್ಕೆ ಇಳಿದಿರುತ್ತದೆ. ತೊಳೆದ ಮೇಲೂ ಓದಲು ಬರುತ್ತದೆ. ಹಂಸ ಮಾತ್ರ ಬೆಳಗ್ಗೆ ಏಳಕ್ಕೆ ಸರಿಯಾಗಿ ಉಗುಳುತ್ತಿದೆ.

ನಿಮ್ಮ ಕಟ್ಟಡದಲ್ಲೂ ಒಂದು ಮೀಟರ್ ಕೋಣೆ ಇದೆ. ನಿಮ್ಮ ಕಾರನ್ನೂ ಯಾರೋ ಒಬ್ಬರು ಬೆಳಗ್ಗೆ ಐದೂವರೆಗೆ ಬಂದು ತೊಳೆಯುತ್ತಾರೆ, ಮತ್ತು ಅವರು ನಿಮಗೆ ಏನನ್ನೋ ಮೂರು ಸಲ ಹೇಳಿದ್ದಾರೆ. ನಾಳೆ ಗಡಿಯಾರ ನೋಡಿಕೊಳ್ಳದೆ ಕೆಳಗಿಳಿಯಿರಿ. ಎಷ್ಟು ನೀರು ಬೇಕು ಎಂದು ನೀವಾಗಿ ಕೇಳಿ, ಅವರು ಹೇಳಿದಷ್ಟು ಕೊಡಿಸಿ. ಕೊಡಿಸುವ ತನಕ ನಿಮ್ಮ ಒರೆಸುವ ಬಟ್ಟೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.